ಕೆಂದಿಯ ಗಿಣ್ಣ

ಅಂಬವ್ವನ ಕೈ ಬಿದ್ದರೆ ಬಡಕಲು ಹಸುವೂ ಬಕೆಟ್ಟು ತುಂಬಿಸುತ್ತದೆ ಎಂದು ಆಂಟಾಪ್ ಹಿಲ್ ಕೆಳಗಿನ ಚಾಳಿನವರು ಹೇಳುತ್ತಿದ್ದರು. ಹೊಗಳುವವರ ಗಂಟೇನು ಹೋಗಬೇಕು! ವಿಜಾಪುರದ ಕಡೆಯಿಂದ ಗಂಡನ ಬೆನ್ನು ಹಿಡಿದು ಮುಂಬಯಿಗೆ ಬಂದವಳು, ಅವನು ಗಿರಣಿಯ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಸದಾನಂದ ಶೆಟ್ಟರ ತಬೇಲಾ, ಎಂದರೆ ದನದ ಕೊಟ್ಟಿಗೆ ಸೇರಿದ್ದಳು. ಶೆಟ್ಟರಿಗೆ ದಾದರ್ ಸ್ಟೇಷನ್ ಹತ್ತಿರ ಹೋಟೆಲು. ಅದರ ಕಾಫಿಗೆಂದೇ ಗುಡ್ಡದ ಬುಡದಲ್ಲಿ, ತಗಡಿನ ಸೂರಿನ ಕೆಳಗೆ ಕೆಲವು ಹಸು ಕಟ್ಟಿದ್ದರು. ತಬೇಲಾಗಳನ್ನೆಲ್ಲ ಊರಾಚೆ ಸಾಗಿಸಿ ಎಂದು ಸರ್ಕಾರ ಗದರತೊಡಗಿದ್ದ ಕಾಲವದು.

ಆ ಊರಿನಲ್ಲಿ ಹಾಲು ಬತ್ತಿದ ಹಸುವಿಗೆ ಯಾರೂ ಹುಲ್ಲು ಹಾಕುತ್ತಿರಲಿಲ್ಲ. ಹುಲ್ಲೇ ರೈಲಿನಲ್ಲಿ ಬರಬೇಕು. ಬತ್ತಿತೋ, ದಲಾಲನ ಲಾರಿ ಬರುತ್ತಿತ್ತು. "ಘಟ್ಟದ ಮೇಲೆ ಮೇಯ್ಲಿಕ್ಕೆ ಹೋಗ್ತದೆ, ಗಬ್ಬ ಆಗಿ ಬರ್ತದೆ" ಎನ್ನುತ್ತಿದ್ದರು ಶೆಟ್ಟರು. ಹೋದದ್ದು ಒಂದೂ ಬಂದಿರಲಿಲ್ಲ. ಎಲ್ಲಿಗೆ ಹೋಗುತ್ತವೆಂದು ಅಂಬವ್ವನಿಗೂ ಗೊತ್ತಿತ್ತು, ಕೇಳುವ ಗೋಜಿಗೆ ಹೋಗಿರಲಿಲ್ಲ. ಹೊಟ್ಟೆಪಾಡು ಬಾಯಿಗೆ ಬೀಗ ಹಾಕುತ್ತದೆ.

ಕೆಂದಿಯ ವಿಷಯಕ್ಕೆ ಮಾತ್ರ ಅವಳು ಬಾಯಿ ಬಿಟ್ಟಳು. ಕಾಲುಬಾಯಿ ರೋಗ ಬಂದಾಗ ಬೆರಳಲ್ಲಿ ಗಂಜಿ ತಿನ್ನಿಸಿ ಬದುಕಿಸಿಕೊಂಡ ಹಸು ಅದು. ಮಕ್ಕಳಿಲ್ಲದವಳಿಗೆ ಮಗಳೆಂದರೂ ಅದೇ. ಹಾಲು ಕಡಿಮೆಯಾಗಿ ದಲಾಲ ಒಮ್ಮೆ ಬಂದು ನೋಡಿಹೋದಾಗ ಶೆಟ್ಟರ ಕಾಲು ಹಿಡಿದು ನಿಲ್ಲಿಸಿಕೊಂಡಿದ್ದಳು. ಕೆಂದಿ ಗಬ್ಬವಾಯಿತು. ಇನ್ನು ಕರು ಹಾಕಿ ಹಾಲು ಕೊಟ್ಟರೆ ಜೀವ ಉಳಿಯಿತು. ಅಂಬವ್ವ ಹತ್ತಿಕಾಳು ನೆನೆಸಿ ರುಬ್ಬಿದಳು, ಹೋಟೆಲಿನ ಉದ್ದಿನ ಹೊಟ್ಟು ಬೇಡಿ ತಂದಳು, ತಾನು ಉಪವಾಸ ಬಿದ್ದರೂ ಅದಕ್ಕೆ ಹಿಂಡಿ ತಪ್ಪಿಸಲಿಲ್ಲ. ಕೆಂದಿ ಹೆಣ್ಣುಗರು ಹಾಕಿತು.

ಸುದ್ದಿ ಹಬ್ಬಿದ್ದೇ ತಡ, ಪಕ್ಕದ ಖೋಲಿಯ ಕಾಶವ್ವ ಚರಿಗೆ ಹಿಡಿದು ಬಂದಳು.

"ಗಿಣ್ಣದ ಹಾಲ ಕೊಡಽ ಯವ್ವಾ. ಊರ ಬಿಟ್ಟ ಮ್ಯಾಲೆ ನಾಲಿಗಿಗಿ ಗಿಣ್ಣ ಹತ್ತಿಲ್ಲ ನೋಡು."

ಅವಳ ಹಿಂದೆ ಇಡೀ ಚಾಳು. ಶೆಟ್ಟರಿಂದಲೂ ಒಂದು ಖಾಲಿ ಕ್ಯಾನು ಬಂತು, ಸ್ನೇಹಿತರಿಗೆ ಹಂಚಬೇಕಂತೆ. ದನದ ಡಾಕ್ಟರು ರಮಾನಾಥರು ಮುಂಚೆಯೇ ಹೇಳಿದ್ದರು: "ಮೊದಲ ಹಾಲು ಕರುವಿಗೆ. ಅದರ ಔಷಧವೇ ಅದು." ಅಂಬವ್ವ ತಲೆಯಾಡಿಸಿದ್ದಳು. ಊರಿನಲ್ಲೂ ಗಿಣ್ಣ ಹಂಚುತ್ತಿದ್ದರು, ಆದರೆ ಕರುವಿನ ಪಾಲು ಬಿಟ್ಟು. ಇಲ್ಲಿ ಚರಿಗೆಗಳೇ ಹೆಚ್ಚು. ಅದಕ್ಕಿಂತ ಹೆಚ್ಚು ಅಂಬವ್ವನ ಹಿಗ್ಗು. ಹುಟ್ಟಿದ ಮೇಲೆ ಅವಳ ಬಾಗಿಲಿಗೆ ಅಷ್ಟು ಜನ ಬೇಡಿ ಬಂದದ್ದೇ ಇಲ್ಲ. "ನಾಳಿಗಿ ಕುಡೀತೈತಿ ಬಿಡು" ಎಂದು ಕರುವನ್ನು ದೂರ ಕಟ್ಟಿ, ಕೆಚ್ಚಲು ಬರಿದಾಗುವವರೆಗೂ ಹಿಂಡಿದಳು. ಕರುವಿಗೆ ಗಂಜಿನೀರು ಕುಡಿಸಿದಳು.

ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣದ ಘಮ ಚಾಳನ್ನೆಲ್ಲ ತುಂಬಿತು. ಕರುವಿಗೆ ಭೇದಿ ಶುರುವಾಯಿತು. ಆ ವಾರ ಮುಗಿಯುವುದರೊಳಗೆ ಸತ್ತಿತು. ಡಾಕ್ಟರು ಬಂದರು, ಖಾಲಿ ಪಾತ್ರೆಗಳನ್ನು ನೋಡಿದರು, ಚೀಲ ಎತ್ತಿಕೊಂಡು ಹೋದರು. ಬೈದಿದ್ದರೆ ಅಂಬವ್ವನಿಗೆ ಹಗುರಾಗುತ್ತಿತ್ತು. ಗಿಣ್ಣ ತಿಂದ ಬಾಯಿಗಳೇ "ದೇವರ ಇಚ್ಛಾ" ಎಂದವು. ದೇವರೇನು ಚರಿಗೆ ಹಿಡಿದು ಬಂದಿದ್ದನೆ?

ಕೆಂದಿ ಹಾಲು ಬಿಗಿಹಿಡಿಯಿತು. ಅಂಬವ್ವ ಎಷ್ಟು ನೇವರಿಸಿದರೂ ಸೊರ ಬಿಡಲಿಲ್ಲ. ಕೊನೆಗೆ ಶೆಟ್ಟರ ಆಳು ಐತ ಸತ್ತ ಕರುವಿನ ಚರ್ಮ ಸುಲಿದು, ಹುಲ್ಲು ತುರುಕಿ, ಹೊಲಿದು ಕೆಂದಿಯ ಮುಂದೆ ನಿಲ್ಲಿಸಿದ. ಮುಂಬಯಿಯ ತಬೇಲಾಗಳಲ್ಲಿ ಇದು ದಿನನಿತ್ಯದ ಕೆಲಸ. ಕೆಂದಿ ಮೂಸಿತು, ನೆಕ್ಕಿತು, ಹಾಲಿಳಿಸಿತು. ಅಂಬವ್ವ ಮುಖ ತಿರುಗಿಸಿ ಹಿಂಡಿದಳು. ಆದರೆ ಹಸು ಆ ಬೊಂಬೆಯನ್ನು ಬಿಟ್ಟು ಮೇವಿನ ಕಡೆಗೇ ತಿರುಗಲಿಲ್ಲ. ರುಬ್ಬಿದ ಹತ್ತಿಕಾಳು ಬಾನಿಯಲ್ಲೇ ಹುಳಿಯಿತು. ಪಕ್ಕೆಲುಬು ಎದ್ದವು, ಹಾಲು ಒಂದು ಲೋಟಕ್ಕೆ ಇಳಿಯಿತು.

ದಲಾಲ ಲಾರಿ ತಂದ. ಅಂಬವ್ವ ಮತ್ತೆ ಶೆಟ್ಟರ ಕಾಲಿಗೆ ಬಿದ್ದಳು.

"ಇನ್ನೊಂದ್ಸಲ ನೋಡ್ರಿ ಧಣ್ಯಾರ, ನನ್ನ ಕೂಳಾಗ ಅರ್ಧಾ ಹಾಕಿ ಸಾಕತೀನ್ರೀ."

"ಎಂಥ ಮಾಡುದು ಮಾರಾಯ್ತಿ? ಆಗ ನಿನ್ನ ಮಾತು ಕೇಳಿದೆ. ಕರು ಉಳಿದಿದ್ರೆ ಇದೂ ಉಳೀತಿತ್ತು."

ತಾವೂ ಕ್ಯಾನು ಕಳಿಸಿದ್ದು ಶೆಟ್ಟರಿಗೆ ನೆನಪಿರಲಿಲ್ಲ.

ಕೆಂದಿ ಬಾಗಿಲಲ್ಲೇ ಕಾಲೂರಿ ನಿಂತಿತು. ದಲಾಲ ಹಗ್ಗ ಎಳೆದ, ಬಾಲ ಮುರಿದ, ಬೆನ್ನ ಮೇಲೆ ದೊಣ್ಣೆಯಿಂದ ಎರಡು ಬಾರಿಸಿದ. ಅದು ಮಿಸುಕಲಿಲ್ಲ.

"ಹೊಡೀಬ್ಯಾಡ್ರೋ!" ಅಂಬವ್ವ ಚೀರಿದಳು.

"ಹಾಗಾದ್ರೆ ಆ ಕರು ಹಿಡ್ಕೊಂಡು ನೀನೇ ಮುಂದೆ ನಡಿ. ನಿನ್ನ ಹಿಂದೆ ಬರ್ತದೆ" ಎಂದರು ಶೆಟ್ಟರು.

ದಲಾಲ ಮತ್ತೆ ದೊಣ್ಣೆ ಎತ್ತಿದ. ಅಂಬವ್ವ ಹುಲ್ಲು ತುಂಬಿದ ಕರುವನ್ನು ಹೆಗಲಿಗೇರಿಸಿಕೊಂಡಳು. ಹಾಲು ಕರೆಯುವಾಗಿನ ಅದೇ ದನಿಯಲ್ಲಿ "ಬಾ ತಾಯಿ, ಬಾ ನನ್ನವ್ವ" ಎಂದು ಕರೆದಳು. ಕೆಂದಿ ಅವಳ ಹೆಗಲನ್ನೂ ಕರುವನ್ನೂ ನೆಕ್ಕುತ್ತಾ ಹಿಂದೆ ಬಂತು. ಲಾರಿಗೆ ಹಲಗೆ ಇಳಿಬಿಟ್ಟಿದ್ದರು. ಅಂಬವ್ವ ಮೊದಲು ಹತ್ತಿದಳು, ಕೆಂದಿ ಹಿಂದೆಯೇ ಹತ್ತಿತು.