ಅತ್ತೆಯ ಹಾಡಿಗೆ ಸೊನ್ನೆ ಸೆಕೆಂಡು

ಹೆಬ್ಬೆರಳಿನಷ್ಟೇ ಇರುವ ನನ್ನ ಹೊಸ ಮ್ಯೂಸಿಕ್ ಪ್ಲೇಯರಿನ ಸಭ್ಯತೆಯನ್ನು ನೀವು ನೋಡಬೇಕು. ತನಗೆ ಓದಲು ಬಾರದ ಫೈಲು ಎದುರಾದರೆ ಅದರ ಹೆಸರನ್ನು ಗಂಭೀರವಾಗಿ ತೋರಿಸಿ, ಅವಧಿ ಸೊನ್ನೆ ಸೆಕೆಂಡು ಎಂದು ಘೋಷಿಸಿ, ಏನೂ ಆಗಿಲ್ಲವೆಂಬಂತೆ ಮುಂದಿನ ಹಾಡಿಗೆ ಹೊರಟುಬಿಡುತ್ತದೆ.

ಹಾಗೆ ಅದು ದಾಟಿಹೋದದ್ದು ಹೊಸಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಹಾಡನ್ನು. ನಮ್ಮ ಬಂಧುವರ್ಗದ ಸಮಸ್ತ ವಧೂವರರನ್ನೂ ಹಾಡಿ ಹಸೆಗೆ ಕರೆದವರು ಅವರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಉಳಿದಿರುವುದು ಪಿಸುಮಾತು ಮಾತ್ರ. ಮೊಮ್ಮಗಳ ಮದುವೆಗೆ ಉಳಿದಿದ್ದದ್ದು ನಾಲ್ಕೇ ದಿನ. "ಆಗ ಫೋನಲ್ಲಿ ಹಿಡ್ಕೊಂಡಿದ್ಯಲ್ಲ ಕಣೋ, ಅದು ಸಿಗುತ್ತಾ ನೋಡು" ಎಂದರು. ಬಟನ್ ಫೋನಿನ ಕಾಲದಲ್ಲಿ ಹಿಡಿದಿಟ್ಟದ್ದು ನಿಜ. ಆಮೇಲೆ ಒಮ್ಮೆಯೂ ಕೇಳಲಿಲ್ಲ ಎಂಬುದೂ ನಿಜ. ಛತ್ರದ ಸ್ಪೀಕರಿಗೆ ಸಿಕ್ಕಿಸಲೆಂದೇ ಈ ಪ್ಲೇಯರ್ ಕೊಂಡಿದ್ದೆ.

ಅಷ್ಟಿಷ್ಟು ಓದಿಕೊಂಡವನೆಂಬ ಅಹಂಕಾರದಿಂದ ನಾನೇ ಚಿಕಿತ್ಸೆಗೆ ಇಳಿದೆ. ಫೈಲಿನ ಹೆಸರಿನ ಬಾಲದಲ್ಲಿದ್ದ ಅಕ್ಷರಗಳನ್ನು ಅಳಿಸಿ ಎಂಪಿ3 ಎಂದು ಪುನರ್ನಾಮಕರಣ ಮಾಡಿದೆ. ಪ್ಲೇಯರ್ ಹೊಸ ಹೆಸರನ್ನೂ ಗೌರವದಿಂದ ತೋರಿಸಿ, ಮತ್ತೆ ಸೊನ್ನೆ ಎಂದಿತು. ವಿಜಯನಗರದ ಮೆಟ್ರೋ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ, ಗದಗಿನ ಕಡೆಯ ನಡುವಯಸ್ಸಿನವರೊಬ್ಬರಿಗೆ ತೋರಿಸಿದಾಗ ಅವರು ನಕ್ಕರು.

"ಬೋರ್ಡ್ ಬದ್ಲಿ ಮಾಡಿದ್ರ ಅಂಗಡ್ಯಾಗಿನ ಸಾಮಾನು ಬದ್ಲಿ ಆಗ್ತೈತೇನ್ರಿ ಸರ?"

ಆಮೇಲೆ ಅವರು ಹೇಳಿದ್ದನ್ನು ಕೇಳಿ ಬೆರಗಾಗಿ ನಿಂತೆ. ಹಳೆಯ ಫೋನು ಧ್ವನಿಯನ್ನು ಇದ್ದಂತೆ ಇಡುವುದಿಲ್ಲವಂತೆ. ಮಾತು ತಿಳಿಯಲು ಬೇಕಾದಷ್ಟನ್ನು ತನ್ನದೇ ಗಣಿತದಲ್ಲಿ ಬರೆದುಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದಂತೆ. ಆ ಬರಹ ಬಾರದ ಯಂತ್ರಕ್ಕೆ ಹಾಡೂ ಒಂದೇ, ಮೌನವೂ ಒಂದೇ. ಅವರು ಅದನ್ನು ಬಿಡಿಸಿ ಎಂಪಿ3ಯಾಗಿ ಮತ್ತೆ ಬರೆಸಿಕೊಟ್ಟರು. ನನ್ನ ಟೀ ಆರುವುದರೊಳಗೆ ಅತ್ತೆ ಹಾಡತೊಡಗಿದರು. ಅಷ್ಟೆಲ್ಲ ಸೋರಿಹೋದ ಮೇಲೂ, ಹೆಬ್ಬೆರಳಿನಷ್ಟು ಜಾಗದಿಂದ, ಸಾಕ್ಷಾತ್ ಅತ್ತೆಯೇ.

ಹೊಸಹಳ್ಳಿಯ ಮನೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೇಳಿದರು. ಅಳುತ್ತಾರೆಂದು ನಾನು ಸಿದ್ಧನಾಗಿದ್ದೆ.

"ಮೂರನೇ ನುಡಿ ಬಿಟ್ಬಿಟ್ಟಿದೀನಿ ಕಣೋ. ಎಲ್ಲಾ ಮದ್ವೇಲೂ ಹೀಗೇ ಹಾಡಿರ್ಬೇಕು. ಒಬ್ರೂ ಹೇಳ್ಲಿಲ್ವಲ್ಲ."

ನಾಚಿಕೆಯಾಯಿತು. ಆ ಮದುವೆಗಳಲ್ಲೆಲ್ಲ ನಾನು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದವನು. ನನ್ನ ಕಿವಿಯೂ ಹಾಡಿನ ಹೆಸರನ್ನಷ್ಟೇ ಗುರುತಿಸಿ, ಸೊನ್ನೆ ಸೆಕೆಂಡು ಎಂದು, ಊಟದ ಪಂಕ್ತಿಯ ಕಡೆ ಹೊರಟುಬಿಡುತ್ತಿತ್ತು.

ಮದುವೆಯ ದಿನ ಛತ್ರದ ತುಂಬ ಅತ್ತೆಯ ಹಳೆಯ ಕಂಠ ಕೇಳಿಸಿತು. ಎರಡನೆಯ ನುಡಿ ಮುಗಿದೊಡನೆ ಅವರು ನನ್ನತ್ತ ಕೈ ಎತ್ತಿದರು. ನಾನು ಪ್ಲೇಯರನ್ನು ತಡೆದೆ. ಅತ್ತೆ ಬಾಗಿ, ಮೊಮ್ಮಗಳ ಕಿವಿಯಲ್ಲಿ ಮೂರನೆಯ ನುಡಿಯನ್ನು ಪಿಸುಗುಟ್ಟಿದರು. ನಮಗಾರಿಗೂ ಒಂದಕ್ಷರ ಕೇಳಿಸಲಿಲ್ಲ, ಆದರೂ ಎಲ್ಲರೂ ಕೇಳುತ್ತಿದ್ದೆವು. ಪ್ಲೇಯರ್ ಮುಂದಕ್ಕೆ ಹೋಗದೆ, ನನ್ನ ಅಂಗೈಯಲ್ಲಿ ಕಾದು ನಿಂತಿತ್ತು.