ಬಿಸಿಯಾದಾಗ ಇಳಿಯುತ್ತಿದ್ದ ಮುಳ್ಳು

ಲಾರಿ ಎಂಜಿನ್ನಿನ ಹೊಟ್ಟೆಯೊಳಗೆ ಮೊಣಕಾಲು ಮೊಣಕಾಲಾಗಿ ಬಾಗಿದ ಒಂದು ಭಾರಿ ಉಕ್ಕಿನ ದಂಡ ಇರುತ್ತದೆ. ಅದನ್ನು ಕ್ರ್ಯಾಂಕ್ ಎನ್ನುತ್ತಾರೆ. ಅದು ಸವೆದಾಗ ಮಿಷನ್ನಿಗೆ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಉಜ್ಜಿ, ಮತ್ತೆ ದುಂಡಗೆ ಮಾಡುವುದು ನನ್ನ ಕಸುಬು. ಮತ್ತಿಕೆರೆಯ ಒಂದು ಗಲ್ಲಿಯಲ್ಲಿ ನನ್ನ ಶೆಡ್ಡಿತ್ತು. ಎಂಜಿನ್ ಬಿಚ್ಚುವುದು, ಕಟ್ಟುವುದು ನನ್ನದಲ್ಲ. ಅದು ಯಲಹಂಕದಲ್ಲಿದ್ದ ನನ್ನ ಗೆಳೆಯನ ಕೆಲಸ. ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹದಿನೈದು ವರ್ಷ ಅವನು ಬಿಚ್ಚಿದ್ದನ್ನು ನಾನು ಉಜ್ಜಿದೆ, ನಾನು ಉಜ್ಜಿದ್ದನ್ನು ಅವನು ಕಟ್ಟಿದ. ನಮ್ಮಿಬ್ಬರ ನಡುವೆ ಜಗಳವಾದದ್ದು ಒಂದೇ ಎಂಜಿನ್ನಿನ ದೆಸೆಯಿಂದ.

ಯಶವಂತಪುರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಗದಗಿನ ಕಡೆಯಿಂದ ಮಾರ್ಕೆಟ್ ಯಾರ್ಡಿಗೆ ಈರುಳ್ಳಿ ತರುತ್ತಿದ್ದ ಒಬ್ಬ ಡ್ರೈವರು ತನ್ನ ಸ್ವಂತ ಲಾರಿಯ ಎಂಜಿನ್ನನ್ನು ಪೂರ್ತಿ ಹೊಸದಾಗಿ ಕಟ್ಟಿಸಿದ. ಪಿಸ್ಟನ್, ಬೇರಿಂಗ್, ಆಯಿಲ್ ಪಂಪ್ ಎಲ್ಲ ಹೊಸವು. ಕ್ರ್ಯಾಂಕನ್ನು ನಾನೇ ಉಜ್ಜಿದ್ದೆ. ಗಾಡಿ ಹೊರಗೆ ಬಂದ ಮೂರನೇ ದಿನ ಮೇಸ್ತ್ರಿಯ ಫೋನು ಬಂತು.

"ಗುರು, ಆ ಈರುಳ್ಳಿ ಲಾರೀಲಿ ಆಯಿಲ್ ಪ್ರೆಷರ್ ನಿಲ್ತಾ ಇಲ್ಲ."

"ಯಾವಾಗ?"

"ಬಿಸಿ ಆದ್ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮೀಟ್ರು ಮುಳ್ಳು ನೆಟ್ಟಗೆ ನಿಲ್ಲುತ್ತೆ. ಅರ್ಧ ಗಂಟೆ ಓಡಿಸ್ಕೊಂಡು ಬಂದು ಎಂಜಿನ್ ಆರಿಸ್ದೆ ನಿಲ್ಸಿದ್ರೆ, ಐಡ್ಲಿಂಗ್‌ನಲ್ಲಿ ಇಳಿದು ಇಳಿದು ಸೊನ್ನೆ ಹತ್ರ ಬಂದು ಮಲಗುತ್ತೆ."

ಪಂಪು ತಳ್ಳಿದ ಎಣ್ಣೆ ಎಂಜಿನ್ನಿನ ಪ್ರತಿ ಬೇರಿಂಗಿಗೂ ಒತ್ತಡದಲ್ಲಿ ಹೋಗಬೇಕು. ಎಲ್ಲಾದರೂ ಸಂದು ಅಗಲವಾಗಿದ್ದರೆ ಎಣ್ಣೆ ಅಲ್ಲಿಂದ ಸೋರಿಹೋಗುತ್ತದೆ, ಒತ್ತಡ ಬೀಳುತ್ತದೆ. ತಣ್ಣಗಿರುವಾಗ ಎಣ್ಣೆ ಮಂದವಾಗಿರುವುದರಿಂದ ಗೊತ್ತಾಗುವುದಿಲ್ಲ. ಬಿಸಿಯಾಗಿ ನೀರಾದಾಗ ಬಣ್ಣ ಬಯಲಾಗುತ್ತದೆ. ಹಾಗೇ ಓಡಿಸಿದರೆ ಹೊಸ ಎಂಜಿನ್ ತಿಂಗಳೊಪ್ಪತ್ತಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

"ಮೀಟ್ರು ನೋಡು ಮೊದ್ಲು," ಎಂದೆ. ಅವನು ಬೇರೆ ಮೀಟರು ಹಾಕಿ ನೋಡಿದ. ಅದೂ ಅದನ್ನೇ ಹೇಳಿತು. ಆಮೇಲೆ ಒತ್ತಡ ಹೆಚ್ಚಾದಾಗ ಎಣ್ಣೆಯನ್ನು ವಾಪಸು ಬಿಡುವ ವಾಲ್ವನ್ನು ತೆಗೆದು, ಸ್ಪ್ರಿಂಗ್ ಬದಲಿಸಿದ. ಪಂಪನ್ನೇ ಬದಲಿಸಿದ. ಪಕ್ಕದ ಟಿಂಕರಿಂಗ್ ಶಾಪಿನವನು ಹೇಳಿದನೆಂದು ಗಟ್ಟಿ ಎಣ್ಣೆ ತುಂಬಿದ. ಒಂದು ಬೆಳಿಗ್ಗೆ ಸರಿಹೋಯಿತು ಎಂದು ಫೋನು ಮಾಡಿದ, ಮಧ್ಯಾಹ್ನ ಇಲ್ಲ ಎಂದು ಮಾಡಿದ. ಒಂದು ವಾರ ಕಳೆಯಿತು. ದಿನಕ್ಕೆ ಮೂರು ನಾಲ್ಕು ಸಲ ಬರುವ ಆ ಫೋನಿನ ಸದ್ದು ಕೇಳಿದರೇ ನನ್ನ ತಲೆ ಕಾಯುತ್ತಿತ್ತು. ಎಂಟನೇ ದಿನ ಅವನು ನಾನು ಕಾಯುತ್ತಿದ್ದ ಮಾತನ್ನು ಆಡಿದ.

"ತಪ್ಪು ತಿಳ್ಕೋಬೇಡ. ಇನ್ನು ಉಳಿದಿರೋದು ನಿನ್ ಕ್ರ್ಯಾಂಕ್ ಒಂದೇ."

ನಾನು ತಪ್ಪೇ ತಿಳಿದುಕೊಂಡೆ. ಮೈಕ್ರೋಮೀಟರಿನ ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆ. ಯಲಹಂಕ ಮುಟ್ಟುವ ಹೊತ್ತಿಗೆ ಆಡಬೇಕಾದ ಬಿರುಸು ಮಾತೆಲ್ಲ ಬಾಯಲ್ಲಿ ಸಿದ್ಧವಾಗಿತ್ತು.

ಲಾರಿಯ ಕೆಳಗೆ ಮೇಸ್ತ್ರಿ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಬಿಚ್ಚಿಟ್ಟಿದ್ದ. ಡ್ರೈವರು ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದ. ಐವತ್ತರ ಆಸುಪಾಸಿನ ತೆಳ್ಳನೆಯ ಆಳು. ಎಂಟು ದಿನದಿಂದ ಕ್ಯಾಬಿನ್ನಿನಲ್ಲೇ ಮಲಗಿ, ಅಲ್ಲೇ ಸ್ಟೋವ್ ಹಚ್ಚಿ ಅನ್ನ ಬೇಯಿಸಿಕೊಂಡು ಇದ್ದ. ನನ್ನನ್ನು ನೋಡಿ ಎದ್ದು ನಿಂತ.

"ಸರ, ಇವತ್ತರ ಆಗತೈತೇನ್ರೀ?"

ನಾನು ಚಾಪೆ ಹಾಸಿಕೊಂಡು ಲಾರಿಯ ಕೆಳಗೆ ನುಗ್ಗಿದೆ. ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿರುವಾಗ ಒಂದೊಂದೇ ಬೇರಿಂಗನ್ನು ಬಿಚ್ಚಿಸಿ, ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಕ್ ಎಳೆ ಇಟ್ಟು, ಬಿಗಿಸಿ, ಮತ್ತೆ ಬಿಚ್ಚಿಸಿ, ಎಳೆ ಎಷ್ಟು ಚಪ್ಪಟೆಯಾಗಿದೆ ಎಂದು ನೋಡಿದೆ. ಕೈಗೆ ಸಿಕ್ಕ ಕಡೆಯೆಲ್ಲ ಮೈಕ್ರೋಮೀಟರ್ ಹಿಡಿದೆ. ಎಲ್ಲವೂ ಇರಬೇಕಾದಷ್ಟೇ ಇತ್ತು. ಆಗ ನನಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಎಂಜಿನ್ ಹಾಳಾಗೇ ಇತ್ತು, ಆದರೂ ನಾನು ಗೆದ್ದವನ ಹಾಗೆ ಹೊರಗೆ ಬಂದೆ.

"ನೋಡ್ಕೋ. ಒಂದು ಎಳೆ ಹೆಚ್ಚು ಕಮ್ಮಿ ಇಲ್ಲ. ಕಟ್ಟೋನು ನೆಟ್ಟಗೆ ಕಟ್ಟಿದ್ರೆ ಯಾಕಿಂಗಾಗ್ತಿತ್ತು?"

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಹದಿನೈದು ವರ್ಷದಲ್ಲಿ ಒಂದ್ ಎಂಜಿನ್ ವಾಪಸ್ ಬಂದಿಲ್ಲ ಕಣೋ ನಂದು."

"ನನ್ ಕ್ರ್ಯಾಂಕೂ ಬಂದಿಲ್ಲ."

ಹೀಗೇ ಶುರುವಾಗಿ ಹಳೆಯದೆಲ್ಲ ಹೊರಗೆ ಬಂತು. ಯಾವಾಗಲೋ ಅವನು ಬೇರೆ ಕಡೆ ಕ್ರ್ಯಾಂಕ್ ಕೊಟ್ಟದ್ದು, ಯಾವಾಗಲೋ ನಾನು ಅವನ ಕೆಲಸ ಹಿಂದೆ ಹಾಕಿ ಇನ್ಯಾರದೋ ಮಾಡಿದ್ದು.  ನಾವು ಉಸಿರು ತೆಗೆದುಕೊಳ್ಳಲು ನಿಂತಾಗ ಡ್ರೈವರೆಂದ:

"ನಮ್ಮ ಹೊಲದಾಗ ಪೈಪ್ ಸೋರಿದ್ರ, ನೀರ ಬಿಟ್ಟು ಎಲ್ಲಿ ಹಸಿ ಆಗತೈತಿ ಅಂತ ನೋಡ್ತೀವ್ರಿ. ನೀವು ಪೈಪ್ ಯಾರ ಹಾಕಿದ್ರು ಅಂತ ಕೇಳಾಕತ್ತೀರಿ."

ಮೇಸ್ತ್ರಿ ಅವನ ಮುಖವನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: "ನಾನ್ ಕೆಲಸ ಕಲ್ತ ಶೆಡ್ಡಿನ ಯಜಮಾನ್ರು ಒಂದ್ಸಲ ಎಂಜಿನ್ನಿಗೆ ಇಂಗೇ ಎಣ್ಣೆ ಬಿಟ್ಟು ನೋಡಿದ್ರು. ನಂಗೆ ಮರ್ತೇಹೋಗಿತ್ತು."

ಮಾರನೆಯ ದಿನ ನಾನು ಹೋಗಬೇಕಾಗಿರಲಿಲ್ಲ. ಹೋದೆ. ತಪ್ಪು ನನ್ನ ಕ್ರ್ಯಾಂಕಿನದಲ್ಲ ಎಂದು ಕಣ್ಣಾರೆ ಕಾಣಬೇಕಿತ್ತು. ಮೇಸ್ತ್ರಿ ಪೇಂಟ್ ಹೊಡೆಯುವವರ ಹತ್ತಿರದಿಂದ ಒಂದು ಪ್ರೆಷರ್ ಡಬ್ಬಿ ತಂದಿದ್ದ. ಅದಕ್ಕೆ ಕಾಯಿಸಿದ ಎಣ್ಣೆ ತುಂಬಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಕೊಟ್ಟು, ಮೀಟರ್ ಇದ್ದ ತೂತಿನಿಂದ ಎಂಜಿನ್ನಿನೊಳಕ್ಕೆ ಎಣ್ಣೆಯನ್ನು ತಳ್ಳಿದ. ಎಂಜಿನ್ ನಿಂತೇ ಇತ್ತು, ಎಣ್ಣೆ ಮಾತ್ರ ಒಳಗೆ ಓಡುತ್ತಿತ್ತು. ನಾವಿಬ್ಬರೂ ಅಕ್ಕಪಕ್ಕ ಮಲಗಿ ಟಾರ್ಚ್ ಹಿಡಿದು ಮೇಲೆ ನೋಡಿದೆವು. ಡ್ರೈವರು ಆಚೆ ಕಡೆಯಿಂದ ಬಗ್ಗಿ ನೋಡುತ್ತಿದ್ದ.

ಕ್ರ್ಯಾಂಕಿನ ಬೇರಿಂಗುಗಳಿಂದ ಎಣ್ಣೆ ತೊಟ್ಟು ತೊಟ್ಟಾಗಿ, ಒಂದೇ ಸಮನೆ ಬೀಳುತ್ತಿತ್ತು. ಅದು ಹಾಗೆಯೇ ಬೀಳಬೇಕು. ಅದರ ಮೇಲೆ, ಒಂದು ಪಕ್ಕದಲ್ಲಿ, ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್ ಎಂಬ ಇನ್ನೊಂದು ದಂಡ ತಿರುಗುವ ಕಡೆ, ಆ ದಂಡ ಕೂರುವ ಬಳೆಗಳಲ್ಲಿ ಎರಡನೆಯದರಿಂದ, ಎಂದರೆ ಎರಡನೇ ಬುಷ್ಷಿನಿಂದ, ಎಣ್ಣೆ ದಾರವಾಗಿ ಇಳಿಯುತ್ತಿತ್ತು. ಸರಿಯಾಗಿ ತಿರುಗಿಸದೆ ಬಿಟ್ಟ ನಲ್ಲಿಯ ಹಾಗೆ.

"ಕ್ಯಾಮ್ ಬುಷ್," ಎಂದ ಮೇಸ್ತ್ರಿ.

 ಬುಷ್‌ಗಳು ಕೂತಿದ್ದ ಆ ಎಂಜಿನ್ನಿನ ಬ್ಲಾಕು, ಎಂದರೆ ಅದರ ಕಬ್ಬಿಣದ ಒಡಲು, ತೊಳೆಯಲು ನನ್ನ ಶೆಡ್ಡಿಗೆ ಬಂದಿತ್ತು. ಬುಷ್ ನೋಡಿದೆಯಾ ಎಂದು ಅವನು ಫೋನಿನಲ್ಲಿ ಕೇಳಿದ್ದ. ಆವತ್ತು ನನಗೆ ಬೇರೊಂದು ಅವಸರದ ಕೆಲಸ ಇತ್ತು. ಬೆರಳು ತೂರಿಸಿ ಸವರಿ, ನುಣ್ಣಗಿದೆ ಎನ್ನಿಸಿ, "ಚೆನ್ನಾಗೇ ಇದೆ, ಹಳೇದೇ ಇರ್ಲಿ" ಎಂದಿದ್ದೆ. ಅಳೆದಿರಲಿಲ್ಲ. ಅಳತೆಯನ್ನೇ ಹೊಟ್ಟೆಪಾಡು ಮಾಡಿಕೊಂಡವನು ಬೆರಳಿನಲ್ಲಿ ಸವರಿ ಹೇಳಿದ್ದೆ.

ಮಲಗಿದ್ದಂತೆಯೇ ಹೇಳಿದೆ: "ನಾನ್ ಅಳತೆ ಹಾಕ್ಲಿಲ್ಲ ಕಣೋ."

ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮುಖದ ಮೇಲಿನ ಎಣ್ಣೆಯನ್ನು ತೋಳಿನಿಂದ ಒರೆಸಿಕೊಂಡು, "ಎಂಜಿನ್ ಇಳಿಸ್ಬೇಕು ಹಂಗಾದ್ರೆ," ಎಂದಷ್ಟೇ ಅಂದ. ಕಟ್ಟಿದ ಎಂಜಿನ್ನನ್ನು ಪೂರ್ತಿ ಬಿಚ್ಚದೆ ಆ ಬುಷ್ ಬದಲಿಸುವಂತಿಲ್ಲ. ಡ್ರೈವರಿಗೆ ಇದನ್ನು ಹೇಳುವುದು ನನ್ನ ಪಾಲಿಗೆ ಬಂತು. ತಪ್ಪು ನನ್ನದು, ಇನ್ನೂ ನಾಲ್ಕು ದಿನ ಬೇಕು ಎಂದೆ. 

"ಒಂದ ವಾರದ ಹಿಂದ ಹೇಳಿದ್ರ ಊರಿಗಾರ ಹೋಗಿ ಬರ್ತಿದ್ನಿರೀ," ಎಂದು ಹೇಳಿ ಅವನು ಕ್ಯಾಬಿನ್ ಹತ್ತಿ ಬಾಗಿಲು ಎಳೆದುಕೊಂಡ.

ನಾಲ್ಕು ದಿನವೂ ನನ್ನ ಶೆಡ್ಡಿಗೆ ಬೀಗ ಹಾಕಿದ್ದೆ. ಹೊಸ ಬುಷ್‌ಗಳನ್ನು ನಾನೇ ಕೂರಿಸಿ, ಕೊರೆದು, ಮೂರು ಮೂರು ಸಲ ಅಳೆದೆ. ಎಂಜಿನ್ ಕಟ್ಟುವಾಗ ಮೇಸ್ತ್ರಿ ಕೇಳಿದ ಸ್ಪ್ಯಾನರ್ ಎತ್ತಿಕೊಡುತ್ತ ಪಕ್ಕದಲ್ಲೇ ಕೂತಿದ್ದೆ. ಐದನೇ ದಿನ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಬಂದು, ಎಂಜಿನ್ ಆರಿಸದೆ ನಿಲ್ಲಿಸಿದೆವು. ಮುಳ್ಳು ಸ್ವಲ್ಪ ಇಳಿದು, ಇಳಿಯಬೇಕಾದ ಕಡೆ ನಿಂತುಕೊಂಡಿತು. ಯಾರೂ ನಗಲಿಲ್ಲ. ಡ್ರೈವರು ಮೀಟರನ್ನು ಕಾಲು ಗಂಟೆ ನೋಡುತ್ತ ಕೂತಿದ್ದು, ಸ್ಟೋವನ್ನೂ ಪಾತ್ರೆಯನ್ನೂ ಚೀಲಕ್ಕೆ ತುಂಬಿಕೊಂಡು, ಮೇಸ್ತ್ರಿಗೆ ಕೈಮುಗಿದು, ನನಗೂ ಮುಗಿದು ಹೊರಟುಹೋದ. ಮುಂದೆ ಅವನ ಲಾರಿ ಮೇಸ್ತ್ರಿಯ ಶೆಡ್ಡಿಗೆ ಬಂದದ್ದನ್ನು ನಾನು ಕಾಣಲಿಲ್ಲ.

ಮೇಸ್ತ್ರಿ ನನಗೆ ಕೆಲಸ ಕಳಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಅವನು ಫೋನಿನಲ್ಲಿ ಏನನ್ನೂ ಕೇಳಲಿಲ್ಲ. ನನ್ನಲ್ಲಿಗೆ ಬರುವ ಪ್ರತಿ ಬ್ಲಾಕಿನ ಮೇಲೂ ಸೀಮೆಸುಣ್ಣದಲ್ಲಿ 'ಬುಷ್ ಅಳೆದು ಇಲ್ಲೇ ಬರಿ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಅಳೆದು, ಅದರ ಕೆಳಗೇ ಬರೆದು ಕಳಿಸುತ್ತಿದ್ದೆ.