ತೆರಿಗೆ ಇಳಿಯುವವರೆಗೆ ಬಚ್ಚಲೊಲೆ

ನಮ್ಮ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಒಳ್ಳೆಯ ರೇಟು ಬರುವವರೆಗೆ ಅಟ್ಟದ ಕೊಬ್ಬರಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಕಾಯುವ ಆ ಚಾಳಿಯನ್ನು ಬಚ್ಚಲುಮನೆಗೂ ತಂದರು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಪಾಡು.

ದಿನಾ ಬೆಳಿಗ್ಗೆ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ನೀರು ಕಾಯಿಸುವುದು ನನ್ನ ಪಾಲಿನ ಕೆಲಸ. ಹೊಗೆಗೆ ಕಣ್ಣು ಉರಿದು ಉರಿದು ಸಾಕಾಗಿ, ತಾರಸಿ ಮೇಲೊಂದು ಸೋಲಾರ್ ಗೀಸರ್ ಹಾಕಿಸಿ ಎಂದು ಕೇಳಿದೆ. ಇವರು ನಿಧಾನವಾಗಿ ವಿಚಾರಿಸುವಷ್ಟರಲ್ಲಿ ಅದರ ಜಿಎಸ್‌ಟಿ ಶೇಕಡಾ ಐದರಿಂದ ಹನ್ನೆರಡಕ್ಕೆ ಏರಿತು.

"ಏರಿದ್ದು ಇಳೀಲೇಬೇಕು ಕಣೇ, ವಸಿ ತಡಿ," ಅಂದರು. ತಡೆದೆ. ವರ್ಷಗಟ್ಟಲೆ ತಡೆದೆ.

ಕೊನೆಗೂ ಅದು ಮತ್ತೆ ಐದಕ್ಕೆ ಇಳಿದ ದಿನ, ತಾವೇ ಇಳಿಸಿದವರ ಹಾಗೆ ಮೈಸೂರ್‌ಪಾಕು ಹಿಡಿದು ಬಂದರು. ನನಗೂ ಖುಷಿಯೋ ಖುಷಿ. ಮರುದಿನವೇ ಸೋಲಾರ್ ಅಂಗಡಿಯವರು ಬಂದು ತಾರಸಿ ಹತ್ತಿದರು, ಹತ್ತಿದವರು ನಕ್ಕುಬಿಟ್ಟರು. ನಾನು ಮೊದಲು ಕೇಳಿದಾಗ ಕಾಂಪೌಂಡಿನ ಎತ್ತರಕ್ಕಿದ್ದ ತೆಂಗಿನ ಸಸಿ ಈಗ ತಾರಸಿಯ ಮೇಲೆಲ್ಲ ಗರಿ ಹರಡಿ ನಿಂತಿತ್ತು.

"ಈ ನೆಳ್ಳಲ್ಲಿ ನೀರು ಕಾಯಲ್ಲ ಸಾರ್. ಮರ ತೆಗೆಸಿ."

"ಮೊದಲ್ನೇ ಹೊಂಬಾಳೆ ಬಿಟ್ಟಿರೋ ಮರ ಕಣ್ರೀ! ಕಡಿಯೋ ಮಾತು ಆಡ್ಬೇಡಿ," ಎಂದರು ಇವರು. ಅದಕ್ಕೆ ನನ್ನದೂ ಒಪ್ಪಿಗೆಯೇ. ಹೊಂಬಾಳೆ ಬಿಟ್ಟ ಮರಕ್ಕೆ ಕೊಡಲಿ ಹಾಕುವವರು ನಮ್ಮ ಕಡೆ ಸಿಗುವುದಿಲ್ಲ.

ಇನ್ನು ಉಳಿದದ್ದು ಹಿತ್ತಲಿನ ಕೊಬ್ಬರಿ ಗೋದಾಮಿನ ತಾರಸಿ. ಅಲ್ಲಿಂದ ಬಚ್ಚಲಿಗೆ ಉದ್ದನೆಯ ಪೈಪು ಎಳೆಯಬೇಕು. ಪೈಪಿನ ತೆರಿಗೆ ಇಳಿದಿಲ್ಲ, ಜೋಡಿಸುವ ಕೂಲಿಯ ಮೇಲಿನದೂ ಇಳಿದಿಲ್ಲ. ಗೀಸರಿನಲ್ಲಿ ಉಳಿಸಿದ್ದೆಲ್ಲ ಪೈಪಿಗೇ ಹೋಗುತ್ತದೆ ಎಂದು ಗೊತ್ತಾದದ್ದೇ ತಡ, ಇವರು ಗಲ್ಲ ಕೆರೆದುಕೊಂಡು, "ಅವೂ ಇಳೀಲಿ ಬುಡು, ಒಟ್ಟಿಗೇ ಹಾಕ್ಸಾನ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಲೆ ಪಕ್ಕದ ಊದುಗೊಳವೆ ತಂದು ಅವರ ಕೈಗಿಟ್ಟೆ.

"ಕಾಯ್ರಿ, ನಾನೇನೂ ಬ್ಯಾಡ ಅನ್ನಲ್ಲ. ಅಲ್ಲೀಗಂಟ ಒಲೆ ನಿಮ್ದು."

ಮರುದಿನ ಬೆಳಿಗ್ಗೆ ಹಸಿ ಮಟ್ಟೆ ತುರುಕಿ, ಊದಿ, ಕೆಮ್ಮಿ, ಮೂತಿಯೆಲ್ಲ ಮಸಿ ಮಾಡಿಕೊಂಡು ಬಚ್ಚಲಿನಿಂದ ಹೊರಗೆ ಬಂದರು. ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಅಂಗಡಿಯವರಿಗೆ ಫೋನ್ ಮಾಡಿದರು.

"ತೆರಿಗೆ ಎಷ್ಟಾದ್ರೂ ಆಗ್ಲಿ ಕಣ್ರೀ, ಇವತ್ತೇ ಬನ್ನಿ."